ಐನ್‌ಮನೆ: ಕೊಡಗಿನ ಒಕ್ಕದ ಮೂಲಮನೆ

ಕೊಡಗಿನ ಗದ್ದೆಬಯಲುಗಳ ಅಂಚಿನಲ್ಲಿ, ಎತ್ತರದ ತಳಪಾಯದ ಮೇಲೆ ನಿಂತಿರುವ ಹಳೆಯ ಮನೆಗಳೇ ಐನ್‌ಮನೆಗಳು. ಒಬ್ಬ ಮೂಲಪುರುಷನ ಸಂತತಿಯಾದ ‘ಒಕ್ಕ’ ಹಿಂದೆ ಇಲ್ಲಿ ಒಟ್ಟಾಗಿ ಬಾಳುತ್ತಿತ್ತು. ಇಂದು ಒಕ್ಕದ ಬಹುತೇಕ ಸದಸ್ಯರು ತೋಟದ ಮನೆಗಳಲ್ಲಿ ಅಥವಾ ನಗರಗಳಲ್ಲಿ ನೆಲೆಸಿದ್ದಾರೆ. ಆದರೂ ಪುತ್ತರಿ ಹಬ್ಬದಂದು ಹೊಸ ಕದಿರು ಮನೆದುಂಬುವುದು ಐನ್‌ಮನೆಯಲ್ಲಿಯೇ.

ಹಿರಿತನದ ವಿನ್ಯಾಸ

ಮನೆಗೆ ಹೋಗುವ ದಾರಿ ‘ಓಣಿ’. ಅದರ ಇಕ್ಕೆಲಗಳಲ್ಲಿ ಮಣ್ಣಿನ ದಿಬ್ಬಗಳಿರುತ್ತವೆ. ಅಂಗಳ ದಾಟಿ ಮೆಟ್ಟಿಲೇರಿದರೆ ಸಿಗುವ ಜಗಲಿಯೇ ‘ಕೈಯ್ಯಾಲೆ’. ಇಲ್ಲಿನ ಕಂಬಗಳ ನಡುವೆ ಜೋಡಿಸಿದ ಅಗಲವಾದ ಮರದ ಹಲಗೆ ‘ಐಮರ’. ಅದು ಹಿರಿಯರ ಆಸನ. ಒಕ್ಕದ ತಕರಾರುಗಳು ಇತ್ಯರ್ಥವಾಗುತ್ತಿದ್ದುದೂ ಈ ಜಗಲಿಯಲ್ಲಿಯೇ. ಒಳಗೆ ‘ನೆಲ್ಲಕ್ಕಿ ನಡುಬಾಡೆ’ ಎಂಬ ನಡುಮನೆ. ಇಲ್ಲಿನ ತೂಗುದೀಪದ ಎದುರು ಮದುವೆ, ನಾಮಕರಣ ಮುಂತಾದ ಕಾರ್ಯಗಳು ನೆರವೇರುತ್ತವೆ. ನೈಋತ್ಯ ಮೂಲೆಯ ‘ಕನ್ನಿ ಕೊಂಬರೆ’ ಪಿತೃಗಳಿಗೆ ಮೀಸಲು. ದೊಡ್ಡ ಮನೆಗಳ ನಡುವೆ ತೆರೆದ ಒಳಾಂಗಣವಿದ್ದು, ಬೆಳಕು-ಗಾಳಿಯನ್ನು ಒಳಗೆ ತರುತ್ತದೆ. ಅಲ್ಲಿ ಬೀಳುವ ಮಳೆನೀರು ಕಾಲುವೆಯ ಮೂಲಕ ಹೊರಹೋಗುತ್ತದೆ.

ಮೊದಲು ಮಾಡಿಗೆ ಹುಲ್ಲಿನ ಹೊದಿಕೆ ಇತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ನಂತರ ಕೊಡಗಿನ ಮನೆಗಳಿಗೂ ಕ್ರಮೇಣ ಹೆಂಚು ಬಂತು.

ಎಲ್ಲರ ಮನೆ, ಯಾರ ಹೊಣೆ?

ಇಂಗ್ಲೆಂಡಿನಲ್ಲಿ ಜಾರ್ಜ್ ದೊರೆಗಳ ಕಾಲದಲ್ಲಿ (1714-1830) ಕಟ್ಟಿದ ಗ್ರಾಮಾಂತರ ಬಂಗಲೆಗಳು ಸಾಮಾನ್ಯವಾಗಿ ಹಿರಿಯ ಮಗನೊಬ್ಬನ ಪಾಲಾಗುತ್ತಿದ್ದವು. ಐನ್‌ಮನೆ ಹಾಗಲ್ಲ, ಅದು ಇಡೀ ಒಕ್ಕದ ಸ್ವತ್ತು. ಈ ಸಮಪಾಲಿನಿಂದಾಗಿ ಮನೆ ಪರರ ಪಾಲಾಗದೆ ಉಳಿದಿದೆ ಎಂಬುದು ನಿಜ. ಆದರೆ ಹೆಂಚು ಒಡೆದಾಗ, ತೊಲೆಗೆ ಗೆದ್ದಲು ಹತ್ತಿದಾಗ ದುರಸ್ತಿಗೆ ಮುಂದಾಗುವವರು ಯಾರು ಎಂಬ ಪ್ರಶ್ನೆಯೂ ಅದರಿಂದಲೇ ಹುಟ್ಟುತ್ತದೆ. ಜಡಿಮಳೆಯ ನಾಡಿನಲ್ಲಿ ಮಣ್ಣಿನ ಗೋಡೆ ಹೆಚ್ಚು ಕಾಲ ಕಾಯುವುದಿಲ್ಲ.

ಕೆಲವು ಒಕ್ಕಗಳು ಸದಸ್ಯರಿಂದ ಹಣ ಕೂಡಿಸಿ ಹಳೆಯ ಮನೆಯನ್ನೇ ದುರಸ್ತಿಪಡಿಸಿವೆ. ಇನ್ನು ಕೆಲವು ಅದನ್ನು ಕೆಡವಿ ಕಾಂಕ್ರೀಟ್ ಕಟ್ಟಡ ಎಬ್ಬಿಸಿವೆ. ಹೊಸ ಕಟ್ಟಡದಲ್ಲಿಯೂ ದೀಪ ಉರಿಯುತ್ತದೆ, ಪುತ್ತರಿಯೂ ನಡೆಯುತ್ತದೆ. ಆದರೆ ಕೆತ್ತನೆಯ ಕಂಬ, ಐಮರಗಳನ್ನು ಹೊಸದಾಗಿ ಮಾಡಬಲ್ಲ ಬಡಗಿಗಳು ವಿರಳ. ಆದ್ದರಿಂದ ಮನೆ ಕೆಡವುವ ನಿರ್ಧಾರಕ್ಕೆ ಮುನ್ನ ಮಾಡನ್ನು ಮಾತ್ರ ಸರಿಪಡಿಸಿದರೆ ಸಾಕೇ ಎಂದು ಒಕ್ಕದವರು ಒಮ್ಮೆ ಪರಿಶೀಲಿಸುವುದು ಒಳಿತು.