ಹುಟ್ಟಿಸಿದ ದೇವರು ಮತ್ತು ಹೆಗ್ಗಡದೇವನಕೋಟೆಯ ಹಾಡಿ

'ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ' ಎಂಬ ಮಾತನ್ನು ತಿಂಗಳ ಕೊನೆಯ ವಾರದಲ್ಲಿ ಒಮ್ಮೆಯಾದರೂ ಆಡದ ಮನೆ ಮೈಸೂರು ಬೆಂಗಳೂರುಗಳಲ್ಲಿ ಇದ್ದೀತೇ? ಅಕ್ಕಿಯ ಡಬ್ಬಿಯ ತಳ ಕಂಡಾಗ ಗೃಹಿಣಿಯ ನಿಟ್ಟುಸಿರಿನೊಡನೆ ಹೊರಡುವ ಈ ಮಾತಿನ ಹಿಂದೆ ಒಂದನೆಯ ತಾರೀಖಿನ ಸಂಬಳದ ಭರವಸೆಯಿರುತ್ತದೆ. ಬೀದಿಯ ತಿರುವಿನ ಅಂಗಡಿಯವರ ಲೆಕ್ಕದ ಪುಸ್ತಕವೂ ಇರುತ್ತದೆ. ಈ ಎರಡು ಊರುಗೋಲುಗಳನ್ನೂ ಬಿಟ್ಟು, ಗಾದೆಯೊಂದನ್ನೇ ಬುತ್ತಿ ಕಟ್ಟಿಕೊಂಡು ಹೊರಟವರು ಅಪರೂಪ. ಹಾಗೆ ಹೊರಟವರ ಕಥೆಯೊಂದು ಮೈಸೂರು ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಹೆಗ್ಗಡದೇವನಕೋಟೆಯ ಕಾಡಿನ ಮಗ್ಗುಲಲ್ಲಿ ನಡೆಯಿತು.

1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸೇರಿ ಒಂದು ಸಂಘ ಕಟ್ಟಿದರು. ಮುಂದಾಳು ಆರ್. ಬಾಲಸುಬ್ರಹ್ಮಣ್ಯಂ, ವಯಸ್ಸು ಇಪ್ಪತ್ತನ್ನು ಮುಟ್ಟಿರಲಿಲ್ಲ. ಸ್ವಾಮಿ ವಿವೇಕಾನಂದರ ಬರಹಗಳನ್ನು ಓದಿ ಎದೆ ಬಿಸಿ ಮಾಡಿಕೊಂಡಿದ್ದ ಹುಡುಗರು ತಮ್ಮ ಸಂಘಕ್ಕೆ 'ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್' ಎಂದು ಹೆಸರಿಟ್ಟರು. ಹೆಸರು ದೊಡ್ಡದು, ಬಂಡವಾಳ ಸೊನ್ನೆ. ಔಷಧ ಕಂಪನಿಗಳು ವೈದ್ಯರಿಗೆ ಬಿಟ್ಟಿಯಾಗಿ ಕೊಟ್ಟು ಹೋಗುವ ಸ್ಯಾಂಪಲ್ ಮಾತ್ರೆಗಳನ್ನು ಮನೆ ಮನೆಗೆ ಹೋಗಿ ಬೇಡಿ ತಂದು, ಕೊಳ್ಳಲಾರದ ರೋಗಿಗಳಿಗೆ ಹಂಚುವುದು ಅವರ ಮೊದಲ ಕಾಯಕ. ರಜೆಯ ದಿನ ಬಂದರೆ ಅದೇ ಮಾತ್ರೆಗಳೊಂದಿಗೆ ಹಳ್ಳಿಗಳ ದಾರಿ.

ಆ ಹುಡುಗರು ಆದರ್ಶವೆಂದು ಹಿಡಿದಿದ್ದವರ ಬದುಕೇ ಒಂದು ಬಗೆಯ ಪರೀಕ್ಷೆಯಾಗಿದ್ದಿತು. ಪರಿವ್ರಾಜಕರಾಗಿ ದೇಶ ಸುತ್ತುತ್ತಿದ್ದ ಕಾಲದಲ್ಲಿ ವಿವೇಕಾನಂದರು ಬಹಳ ಕಾಲ ಕೈಯಲ್ಲಿ ಕಾಸು ಇರಿಸಿಕೊಳ್ಳದೆ ನಡೆದರು. ಅವರ ಜೀವನಚರಿತ್ರೆಗಳಲ್ಲಿ ಬರುವ ತಾರಿಘಾಟ್ ರೈಲುನಿಲ್ದಾಣದ ಪ್ರಸಂಗವನ್ನು ಹಿರಿಯರ ಬಾಯಲ್ಲಿ ಕೇಳದವರು ಕಡಮೆ. ಸುಡುಬೇಸಿಗೆ, ಸಂನ್ಯಾಸಿಗೆ ಕುಡಿಯಲು ನೀರೂ ಇಲ್ಲ. ಎದುರಿಗೆ ಕುಳಿತಿದ್ದ ವ್ಯಾಪಾರಿಯೊಬ್ಬ ತಾನು ತಿನ್ನುತ್ತ ಕುಡಿಯುತ್ತ, ದುಡಿಯದವನಿಗೆ ಇದೇ ಗತಿಯೆಂದು ಹಂಗಿಸುತ್ತಾನೆ. ಅಷ್ಟರಲ್ಲಿ ಮಿಠಾಯಿ ಮಾಡುವವನೊಬ್ಬ ಪೂರಿಯನ್ನೂ ತಣ್ಣೀರನ್ನೂ ಹಿಡಿದು ಓಡೋಡಿ ಬರುತ್ತಾನೆ. ಮಧ್ಯಾಹ್ನದ ನಿದ್ದೆಯಲ್ಲಿ ಶ್ರೀರಾಮನೇ ಕಾಣಿಸಿಕೊಂಡು, ಹಸಿದ ಸಾಧುವಿಗೆ ಉಣಿಸೆಂದು ಎಬ್ಬಿಸಿದನಂತೆ!

ಈ ಕಥೆಯನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಸೇರಿದುದು. ಆದರೆ 1892ರಲ್ಲಿ ಮೈಸೂರಿನಲ್ಲೇ ನಡೆದುದೆಂದು ಅವರ ಜೀವನಚರಿತ್ರೆ ಹೇಳುವ ಪ್ರಸಂಗಕ್ಕೆ ಕನಸಿನ ಹಂಗಿಲ್ಲ. ಆಗ ಸ್ವಾಮಿಗಳು ದಿವಾನ್ ಶೇಷಾದ್ರಿ ಅಯ್ಯರರ ಮನೆಯಲ್ಲಿಯೂ ಬಳಿಕ ಹತ್ತನೆಯ ಚಾಮರಾಜ ಒಡೆಯರ ಅತಿಥಿಯಾಗಿಯೂ ಇದ್ದರು. ಬೀಳ್ಕೊಡುವ ಹೊತ್ತಿನಲ್ಲಿ ದಿವಾನರು ನೋಟುಗಳ ಸುರುಳಿಯೊಂದನ್ನು ಅವರ ಗಂಟಿನೊಳಗೆ ತುರುಕಲು ನೋಡಿದರಂತೆ. ಸ್ವಾಮಿಗಳು ಒಪ್ಪಲಿಲ್ಲ, ಕೊಡುವುದಾದರೆ ಮುಂದಿನ ಊರಿಗೆ ಒಂದು ರೈಲು ಟಿಕೀಟು ಸಾಕೆಂದರು. ಸಂಸ್ಥಾನದ ಬೊಕ್ಕಸವೇ ಎದುರಿಗೆ ನಿಂತಿದ್ದಾಗ ಒಂದು ಟಿಕೀಟು!

ಒಂಟಿ ಸಂನ್ಯಾಸಿಗೆ ಇದು ಸಾಧ್ಯ. ಆಸ್ಪತ್ರೆ ನಡೆಸಲು ಹೊರಟವರಿಗೆ?

1987ರ ಕೊನೆಯಲ್ಲಿ ಡಾಕ್ಟರ್ ಬಾಲಸುಬ್ರಹ್ಮಣ್ಯಂ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಎಂಬ ಹಾಡಿಗೆ ಬಂದು ಚಿಕಿತ್ಸಾಲಯ ತೆರೆದಾಗ ಈ ಪ್ರಶ್ನೆ ಅವರ ಮುಂದಿದ್ದಿತು. 'ಹಾಡಿ' ಎಂದರೆ ಗಿರಿಜನರ ಗುಡಿಸಲುಗಳ ಗುಂಪು. ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು ಈ ಸೀಮೆಯ ಹಳೆಯ ನಿವಾಸಿಗಳು. ಕಾಕನಕೋಟೆಯ ಖೆಡ್ಡಾ ನೋಡಲೆಂದು ದೇಶವಿದೇಶಗಳ ಗಣ್ಯರು ಬರುತ್ತಿದ್ದ ಕಾಲದಲ್ಲಿ ಆನೆಯ ಜಾಡು ಹಿಡಿಯಲು ಬೇಕಾದವರು ಇವರೇ. ಗಣ್ಯರು ಹಿಂದಿರುಗಿದ ಮೇಲೆ ಇವರ ಒಲೆಯಲ್ಲಿ ಏನು ಬೇಯುತ್ತಿದ್ದಿತೆಂದು ಕೇಳಿದವರು ಎಷ್ಟು ಮಂದಿಯೋ!

ಬೇಯುತ್ತಿದ್ದುದು ಕಾಡು ಕೊಟ್ಟದ್ದು. ದೇವರು ಕೊಡುತ್ತಾನೆಂಬ ಮಾತನ್ನು ಪಟ್ಟಣಿಗರು ಆಡುತ್ತಾರೆ. ಜೇನುಕುರುಬರು ಅದರಲ್ಲಿಯೇ ಬಾಳಿದವರು. ನೆಲವನ್ನು ಅಗೆದರೆ ನೂರೆ ಗೆಣಸು, ಮಳೆ ಬಿದ್ದರೆ ಅಣಬೆ ಮತ್ತು ಸೊಪ್ಪು, ಬೇಸಿಗೆಗೆ ಹೆಜ್ಜೇನು. ಹೆಮ್ಮರದ ಕೊಂಬೆಗೆ ರಾತ್ರಿಯ ಕತ್ತಲಲ್ಲಿ ಹತ್ತಿ, ಹೊಗೆಯಿಟ್ಟು, ಹಾಡು ಹೇಳಿ, ಜೇನಿಳಿಸುವುದು ಅವರ ಕುಲವಿದ್ಯೆ. ನಾಳೆಗೆಂದು ಕಣಜ ತುಂಬುವ ರೂಢಿ ಅವರಲ್ಲಿರಲಿಲ್ಲ. ನಾಳೆಯ ಕಣಜ ಕಾಡಿನಲ್ಲಿಯೇ ಇದ್ದಿತಲ್ಲ! ಇದನ್ನು ಸೋಮಾರಿತನವೆಂದು ಬರೆದ ಹಳೆಯ ಅಧಿಕಾರಿಗಳುಂಟು. ಬ್ಯಾಂಕಿನಲ್ಲಿ ಹಣವಿಟ್ಟವನು ಮನೆಯಲ್ಲಿ ತಿಜೋರಿ ಇಡದಿದ್ದರೆ ಅವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ.

ಆ ಬ್ಯಾಂಕಿನ ಬಾಗಿಲು ಒಂದೊಂದಾಗಿ ಮುಚ್ಚಿತು. 1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿದಾಗ ಕಾಡಿನ ಎಷ್ಟೋ ಭಾಗ ನೀರಿನ ಕೆಳಗೆ ಹೋಯಿತು. ಹುಲಿಯೂ ಉಳಿಯಬೇಕು, ಗದ್ದೆಗೆ ನೀರೂ ಹರಿಯಬೇಕು, ಇಲ್ಲವೆನ್ನುವವರಾರು? ಆದರೆ ನಡುವೆ ಸಿಕ್ಕಿದವರು ಕಾಡಿನಿಂದ ಹೊರಕ್ಕೆ ಬಂದು, ಉಳುವ ನೆಲವೂ ಇಲ್ಲದೆ ಅಂಚಿನಲ್ಲಿ ಕುಳಿತರು. ಉಚ್ಚ ನ್ಯಾಯಾಲಯದ ಸೂಚನೆಯಂತೆ ನೇಮಕವಾದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ನೆಲೆ ತಪ್ಪಿದ ಕುಟುಂಬಗಳ ಲೆಕ್ಕ 3418.

ಕೈಯಲ್ಲಿ ಕಾಸಿಲ್ಲದ, ಆದರೆ ದೇವರ ಕೈ ಬಿಡದೆಂಬ ಭರವಸೆಯಲ್ಲಿ ಬಂದ ಯುವಕರು. ಕೊಡುವ ಕೈಯನ್ನೇ ಕಳೆದುಕೊಂಡ ಜನ. ಬ್ರಹ್ಮಗಿರಿಯಲ್ಲಿ ಎದುರುಬದುರಾಗಿ ನಿಂತವರು ಇವರು. ಸೇವೆಗೆಂದು ಹೊರಡುವವರು ಸಾಮಾನ್ಯವಾಗಿ ಮರೆಯುವ ವಿಷಯ ಇಲ್ಲಿಯೇ ಇದೆ. ವೈದ್ಯನಾದವನು ಬರಿಗೈಯಲ್ಲಿ ಬಂದರೂ ಸೋತರೆ ಮೈಸೂರಿನ ಬಸ್ಸು ಹಿಡಿಯಬಲ್ಲ. ಹಾಡಿಯವರಿಗೆ ಯಾವ ಬಸ್ಸು?

ಕೆಲಸ ಮೊದಲಾದುದು ಸಣ್ಣದಾಗಿ. ಮಾತ್ರೆ ಕೊಟ್ಟರಷ್ಟೇ ಸಾಲದು, ಅಕ್ಷರವೂ ಬೇಕೆಂದು ಕಂಡಾಗ 1988ರಲ್ಲಿ ಶಾಲೆಯೊಂದನ್ನು ತೆರೆಯಲಾಯಿತು. ಕಟ್ಟಡ ಎಲ್ಲಿಂದ ಬರಬೇಕು? ದನದ ಕೊಟ್ಟಿಗೆಯೊಂದು ದೊರೆಯಿತು. ಮಕ್ಕಳು 28. ತಾರಿಘಾಟಿನಲ್ಲಿ ಪೂರಿಯ ತಟ್ಟೆ ಬಂದಂತೆ ಇಲ್ಲಿ ಕೊಟ್ಟಿಗೆ ಬಂದಿತೆಂದು ಭಕ್ತರು ಹೇಳಬಹುದು. ಆದರೆ ಒಂದು ಭೇದವುಂಟು. ಪೂರಿ ಒಂದು ಹೊತ್ತಿಗೆ ಸಾಕು. ಶಾಲೆಗೆ ಮರುದಿನವೂ ಮೇಷ್ಟರು ಬೇಕು, ಸ್ಲೇಟು ಬೇಕು, ಮಧ್ಯಾಹ್ನದ ಊಟ ಬೇಕು. ಅದರ ಮರುದಿನವೂ ಬೇಕು.

ಆದುದರಿಂದ ಸಂಸ್ಥೆ ದಿವಾನರ ನೋಟಿನ ಸುರುಳಿಯನ್ನು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ದಾನಿಗಳನ್ನು ಕೇಳಬೇಕಾಯಿತು, ಸರ್ಕಾರದ ಅನುದಾನಕ್ಕೆ ಅರ್ಜಿ ಬರೆಯಬೇಕಾಯಿತು, ಪೈಸೆ ಪೈಸೆಗೂ ಲೆಕ್ಕವಿಡಬೇಕಾಯಿತು. ಸಂನ್ಯಾಸಿಯ ವ್ರತಕ್ಕೆ ಇದು ಭಂಗವೇ? ಹಾಗೆಂದು ಮೂಗು ಮುರಿಯುವವರು ಇದ್ದಾರೆ. ತನ್ನ ಹಸಿವನ್ನು ದೇವರಿಗೆ ಬಿಟ್ಟುಕೊಡಲು ಮನುಷ್ಯನಿಗೆ ಅಧಿಕಾರವುಂಟು. ಬೇರೊಬ್ಬರ ಮಗುವಿನ ಜ್ವರವನ್ನು ಹಾಗೆ ಬಿಟ್ಟುಕೊಡಲು ಯಾರು ಅಧಿಕಾರ ಕೊಟ್ಟರು? ಚಿಕಾಗೋದಿಂದ ಹಿಂದಿರುಗಿದ ಮೇಲೆ ಮಿಷನ್ನು ಕಟ್ಟಲು ಹೊರಟಾಗ ಸ್ವತಃ ವಿವೇಕಾನಂದರೂ ಜೋಳಿಗೆ ಹಿಡಿದರು, ಲೆಕ್ಕ ಕೇಳಿದರು.

ದುಡ್ಡಿಗಿಂತ ನಿಧಾನವಾಗಿ ಬರುವ ವಸ್ತುವೊಂದಿದ್ದಿತು. ಅದು ಹಾಡಿಯವರ ನಂಬಿಕೆ. ಪಟ್ಟಣದಿಂದ ಬಂದ ಪ್ಯಾಂಟಿನವರೆಂದರೆ ಅಲ್ಲಿಯವರೆಗೆ ಅವರ ಅನುಭವಕ್ಕೆ ಬಂದಿದ್ದುದು ಕಾಡಿನಿಂದ ಏಳಿಸುವವರು, ಇಲ್ಲವೇ ಜೇನಿಗೆ ಅಗ್ಗದ ಬೆಲೆ ಕಟ್ಟುವವರು. ಸೂಜಿ ಹಿಡಿದು ಬಂದವನೊಬ್ಬ ಬೇರೆ ಜಾತಿಯವನೆಂದು ಒಂದೇ ದಿನದಲ್ಲಿ ನಂಬುವುದು ಹೇಗೆ? ಹೆರಿಗೆಗೆ ಹಾಡಿಯ ಅಜ್ಜಿಯಿದ್ದಳು, ಜ್ವರಕ್ಕೆ ಬೇರು ನಾರುಗಳಿದ್ದುವು. ವೈದ್ಯರು ದೇವರನ್ನು ನಂಬಿ ಬಂದಿದ್ದರು, ನಿಜ. ಅವರನ್ನು ನಂಬಬೇಕೋ ಬೇಡವೋ ಎಂಬ ತೀರ್ಪು ಹಾಡಿಯ ಹೆಂಗಸರ ಕೈಯಲ್ಲಿದ್ದಿತು. ಅದು ಅರ್ಜಿ ಬರೆದರೆ ಸಿಕ್ಕುವಂಥದಲ್ಲ. ಅಲ್ಲಿಯೇ ಮನೆ ಮಾಡಿಕೊಂಡು, ವರ್ಷದ ಮೇಲೆ ವರ್ಷ ಕಾಯಬೇಕಾದುದು.

ಕಾದವರಿಗೆ ಅದು ದೊರೆಯಿತು. ಕೊಟ್ಟಿಗೆಯ ಶಾಲೆ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ವಸತಿಶಾಲೆಯಾಗಿ ಬೆಳೆಯಿತು. ಕೆಂಚನಹಳ್ಳಿಯಲ್ಲಿ ಆಸ್ಪತ್ರೆ ಎದ್ದಿತು. ಸರಗೂರಿನಲ್ಲಿ ಅದಕ್ಕಿಂತಲೂ ದೊಡ್ಡದೊಂದು ಬಂದಿತು. ಈ ಸೀಮೆಯ ಗಿರಿಜನರ ರಕ್ತದಲ್ಲಿ ತಲೆಮಾರಿನಿಂದ ಇಳಿದುಬರುವ ಕುಡಗೋಲು ಕಣದ ರಕ್ತಹೀನತೆಯೆಂಬ ಕಾಯಿಲೆಯುಂಟು. ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮೈಕೈಗೆ ತಾಳಲಾರದ ನೋವು ತರುತ್ತವೆ. ಹಾಡಿಯ ಮಗುವೊಂದು ನೋವೆಂದು ಅತ್ತರೆ ಹಿಂದೆ ದೆವ್ವದ ಕಾಟವೆನ್ನುತ್ತಿದ್ದರು. ರಕ್ತ ಪರೀಕ್ಷೆಯಿಂದ ಅದಕ್ಕೊಂದು ಹೆಸರು ದೊರೆತುದು ಸಣ್ಣ ಸಂಗತಿಯಲ್ಲ.

ಆದರೂ ಕಾಡಿನ ಪ್ರಶ್ನೆಯನ್ನು ಆಸ್ಪತ್ರೆ ಬಿಡಿಸಲಾರದು. 2006ರ ಅರಣ್ಯ ಹಕ್ಕು ಕಾಯಿದೆ, ಕಾಡಿನಲ್ಲಿ ಬಾಳಿದವರಿಗೆ ನೆಲದ ಮೇಲೆಯೂ ಜೇನು, ಗೆಣಸುಗಳ ಮೇಲೆಯೂ ಹಕ್ಕುಂಟೆಂದು ಒಪ್ಪಿಕೊಂಡಿತು. ಒಂದು ಕಾಲದಲ್ಲಿ ದೇವರು ಕೊಟ್ಟುದೆಂದು ಕೇಳದೆಯೇ ಅಗೆದು ತಿನ್ನುತ್ತಿದ್ದ ಗೆಣಸಿಗೆ ಹಾಡಿಯವರು ಈಗ ಅರ್ಜಿ ಬರೆದು, ಗ್ರಾಮಸಭೆಯ ಒಪ್ಪಿಗೆ ಪಡೆದು, ಹಳೆಯ ಸಾಕ್ಷ್ಯ ಒದಗಿಸಬೇಕು. ಸಾಕ್ಷ್ಯವೆಂದರೆ ಅಜ್ಜನನ್ನು ಹೂಳಿದ ಜಾಗ, ಕುಲದೇವರ ಕಲ್ಲು. ಅವುಗಳಲ್ಲಿ ಕೆಲವು ಕಾಡಿನ ಗೇಟಿನ ಆಚೆಗಿವೆ, ಕೆಲವು ಕಬಿನಿಯ ನೀರಿನ ಕೆಳಗೆ.