ಮನೆಯ ಗೋಡೆಗೊಂದು ಕೈಚಿತ್ರ

ಕಳೆದ ವರ್ಷ ಗಣೇಶ ಚತುರ್ಥಿಗೆ ಮುಂಚೆ ನಮ್ಮ ವಾಚನಾಲಯಕ್ಕೆ ಸುಣ್ಣ ಹೊಡೆಸಿದೆವು. ಬರಿಯ ಗೋಡೆ ಚೆನ್ನಾಗಿ ಕಾಣದೆಂದು ಒಂದು ಅಂಗಡಿಯಿಂದ ವಾರ್ಲಿ ಚಿತ್ರವೊಂದನ್ನು ರೂ. 450 ಕೊಟ್ಟು ತಂದೆವು. ಕೈಯಿಂದಲೇ ಬರೆದದ್ದೆಂದು ಅಂಗಡಿಯವರು ಹೇಳಿದ್ದರು. ಎಂಟು ದಿನ ಕಳೆದಿರಲಿಲ್ಲ, ಪುಸ್ತಕ ಬದಲಾಯಿಸಲು ತಂದೆಯೊಡನೆ ಬಂದ ಒಬ್ಬ ಹುಡುಗಿ ಅದರ ಮುಂದೆ ನಿಂತು, "ಕಾಕಾ, ಈ ಮೂಲೆಯ ಆರು ಜನವೂ ಆ ಮೂಲೆಯ ಆರು ಜನವೂ ಒಂದೇ ಅಲ್ಲವೇ?" ಎಂದು ಕೇಳಿದಳು. ನೋಡಿದರೆ ಮಾತು ನಿಜ. ಇಲ್ಲಿ ಒಬ್ಬನ ಕಾಲು ಎಲ್ಲಿ ಸೊಟ್ಟಗಿತ್ತೋ ಅಲ್ಲಿಯವನದೂ ಅಷ್ಟೇ ಸೊಟ್ಟಗಿತ್ತು. ಅದು ಯಂತ್ರದಲ್ಲಿ ಅಚ್ಚು ಹಾಕಿದ ಬಟ್ಟೆ.

ಹಣ ಹೋದುದು ದೊಡ್ಡ ಮಾತಲ್ಲ. ಆ ಹಣದಲ್ಲಿ ಒಂದು ಪೈಸೆಯೂ ಚಿತ್ರ ಬರೆಯುವ ಕೈಗೆ ಮುಟ್ಟಲಿಲ್ಲವಲ್ಲ ಎಂಬುದೇ ನಮಗೆ ಕಷ್ಟವೆನಿಸಿತು. ಇಂಥ ಮೋಸ ನಮ್ಮ ವಾಚಕರಿಗೆ ಆಗಬಾರದೆಂದು, ವಿಚಾರಿಸಿ ತಿಳಿದುಕೊಂಡ ನಾಲ್ಕು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ವಾರ್ಲಿ ಚಿತ್ರ ನಮಗೆ ದೂರದ್ದಲ್ಲ. 2014ರ ಆಗಸ್ಟ್ 1ರಂದು ಪಾಲಘರ ಜಿಲ್ಲೆ ಬೇರೆಯಾಗುವವರೆಗೆ ವಾರ್ಲಿಗಳ ಡಹಾಣೂ, ತಲಾಸರಿ, ಜವ್ಹಾರ ಎಲ್ಲವೂ ನಮ್ಮ ಠಾಣೆ ಜಿಲ್ಲೆಯಲ್ಲಿಯೇ ಇದ್ದವು. ಮದುವೆಯ ಸಮಯದಲ್ಲಿ ಮನೆಯ ಮಣ್ಣುಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿಯ ಹಿಟ್ಟನ್ನು ಕಲಸಿ, ತುದಿ ಜಜ್ಜಿದ ಬಿದಿರುಕಡ್ಡಿಯಿಂದ ಮುತ್ತೈದೆಯರು ಚೌಕವನ್ನು ಬರೆಯುವರು. ಅದರ ನಡುವೆ ಪಾಲಘಟ ದೇವಿ. ವರ್ತುಲ, ತ್ರಿಕೋಣ, ಚೌಕ ಈ ಮೂರರಿಂದಲೇ ಮನುಷ್ಯರು, ಮರಗಳು, ತಾರಪಾ ವಾದ್ಯದ ಸುತ್ತ ಕುಣಿಯುವವರು ಎಲ್ಲರೂ ಮೂಡಿಬರುತ್ತಾರೆ. 1970ರ ದಶಕದಲ್ಲಿ ಈ ಚಿತ್ರ ಗೋಡೆಯಿಂದ ಕಾಗದಕ್ಕೂ ಬಟ್ಟೆಗೂ ಇಳಿಯಿತು. ಡಹಾಣೂ ತಾಲ್ಲೂಕಿನ ಜಿವ್ಯಾ ಸೋಮಾ ಮಶೆಯವರು ಅದನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಪ್ರಮುಖರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, 2018ರಲ್ಲಿ ತೀರಿಕೊಂಡರು.

ಇದನ್ನು ಓದುತ್ತಿರುವ ಮಲೆನಾಡಿನ ಬಾಂಧವರಿಗೆ ತಮ್ಮ ಊರು ನೆನಪಾಗಿರಬೇಕು. ಸಾಗರದ ಸೀಮೆಯ ದೀವರ ಮನೆಗಳಲ್ಲಿಯೂ ಇದೇ ಕೆಮ್ಮಣ್ಣಿನ ಗೋಡೆ, ಇದೇ ಅಕ್ಕಿಹಿಟ್ಟಿನ ಬಿಳುಪು, ಇದೇ ಮದುವೆಯ ಸಂಭ್ರಮ. ಅಲ್ಲಿ ಅದಕ್ಕೆ ಹಸೆ ಚಿತ್ತಾರವೆಂದು ಹೆಸರು. ಪುಂಡಿನಾರಿನ ಕುಂಚದಿಂದ ಹೆಂಗಸರು ಗೆರೆಯ ಪಕ್ಕದಲ್ಲಿ ಗೆರೆ ಎಳೆಯುತ್ತಾರೆ. ಸುಟ್ಟ ಅಕ್ಕಿಯಿಂದ ಕಪ್ಪು ಬಣ್ಣ. ಭೂಮಿ ಹುಣ್ಣಿಮೆಯ ಬುಟ್ಟಿಗೂ ಚಿತ್ತಾರ ಬರೆಯುವುದುಂಟು. ಹೀಗೆ ಬಿಟ್ಟುಬಂದ ಊರಿನ ಕಲೆಯ ಒಡಹುಟ್ಟಿದಂಥದು, ಹೊಟ್ಟೆಪಾಡಿಗೆ ಬಂದು ನೆಲೆಸಿದ ನಾಡಿನಲ್ಲಿಯೂ ಇದೆ.

ಇನ್ನು ಕೈಕೆಲಸವನ್ನು ಗುರುತಿಸುವುದು ಹೇಗೆ?

ಮೊದಲನೆಯದಾಗಿ, ಚಿತ್ರದಲ್ಲಿ ಮತ್ತೆ ಮತ್ತೆ ಬರುವ ಆಕೃತಿಗಳನ್ನು ಹೋಲಿಸಿ ನೋಡಬೇಕು. ಕೈಯಿಂದ ಬರೆದ ಹತ್ತು ಹಕ್ಕಿಗಳಲ್ಲಿ ಯಾವ ಎರಡೂ ಒಂದೇ ರೀತಿ ಇರಲಾರವು. ಎರಡನೆಯದಾಗಿ, ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಕುಂಚದ ಬಣ್ಣ ಕೆಲವೆಡೆ ದಪ್ಪ, ಕೆಲವೆಡೆ ತೆಳುವಾಗಿ ಕಾಣುತ್ತದೆ. ಅಚ್ಚಿನದು ಎಲ್ಲೆಡೆಯೂ ಒಂದೇ ಸಮ. ಮೂರನೆಯದಾಗಿ, ಬೆನ್ನು ನೋಡಬೇಕು. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ ಹೊಲಿಗೆಗಳು ಗಂಟಿಲ್ಲದೆ ಎರಡೂ ಮಗ್ಗುಲು ಒಂದೇ ಆಗಿ ಕಾಣುತ್ತವೆ. ಹಿಂಬದಿಯಲ್ಲಿ ದಾರ ಗೋಜಲಾಗಿದ್ದರೆ ಸಂಶಯಪಡಬೇಕು. ನಾಲ್ಕನೆಯದು, ಕೇಳುವುದು: "ಇದಕ್ಕೆ ಎಷ್ಟು ದಿನ ಹಿಡಿಯಿತು? ಬಣ್ಣ ಯಾವುದರದು?" ಮಾಡಿದವರು ಕೆಲಸದ ವಿವರ ಹೇಳುತ್ತಾರೆ, ಕೊಂಡು ಮಾರುವವರು ಹೆಚ್ಚಾಗಿ ಬೆಲೆಯನ್ನು ಮಾತ್ರ ಹೇಳುತ್ತಾರೆ.

ಚನ್ನಪಟ್ಟಣದ ಗೊಂಬೆಯೆಂದರೆ ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸಿ ಅರಗಿನ ಬಣ್ಣ ಹತ್ತಿಸಿದ್ದು. ಬೀದರಿನ ಪಾತ್ರೆಯೆಂದರೆ ಸತುವಿನ ಎರಕದಲ್ಲಿ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ್ದು. ಇವಕ್ಕೂ ಕೊಪ್ಪಳದ ಕಿನ್ನಾಳ ಗೊಂಬೆಗೂ ವಾರ್ಲಿ ಚಿತ್ರಕ್ಕೂ 1999ರ ಕಾನೂನಿನಂತೆ ಊರಿನ ಹೆಸರಿನ ರಕ್ಷಣೆ, ಅಂದರೆ ಜಿ.ಐ. ಗುರುತು ದೊರೆತಿದೆ. ಆದರೆ ಗುರುತು ಕಾಗದದ ಮೇಲಿದ್ದ ಮಾತ್ರಕ್ಕೆ ಸಾಲದು. ಕೊಳ್ಳುವವನ ಕಣ್ಣೂ ಚುರುಕಾಗಿರಬೇಕು.

ಎಲ್ಲಿ ಕೊಳ್ಳಬೇಕು? ಮಾಡಿದವರಿಂದಲೇ ಕೊಳ್ಳುವುದು ಎಲ್ಲಕ್ಕಿಂತ ಮೇಲು. ದಿವಾದಲ್ಲಿ ಗಾಡಿ ಬದಲಿಸಿ ವಸಯಿಗೆ, ಅಲ್ಲಿಂದ ಡಹಾಣೂ ರೋಡಿಗೆ ಹೋಗಬಹುದು. ದಿವಾ–ವಸಯಿ ಗಾಡಿಗಳು ಕಡಿಮೆ. ವೇಳೆ ನೋಡಿಕೊಂಡು ಹೊರಡಬೇಕು. ಮುಂಬಯಿಯಲ್ಲಿ ನಡೆಯುವ ಮಹಾಲಕ್ಷ್ಮೀ ಸರಸ್ ಪ್ರದರ್ಶನದಲ್ಲಿ ಮಹಿಳಾ ಸ್ವಸಹಾಯ ಗುಂಪುಗಳವರು ತಾವೇ ಕುಳಿತು ಮಾರುತ್ತಾರೆ. ಕಾಲಾ ಘೋಡಾದಲ್ಲಿ 1952ರಲ್ಲಿ ತೆರೆದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಉಚಿತ. ಕೊಳ್ಳದಿದ್ದರೂ ಒಂದು ಭಾನುವಾರ ಮಕ್ಕಳೊಡನೆ ಹೋಗಿಬರಬೇಕು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಈ ಮುಂಬಯಿಯಲ್ಲೇ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಕೀರ್ತಿವಂತರಾದ ಕೆ. ಕೆ. ಹೆಬ್ಬಾರರು ನಮ್ಮವರೇ ಎಂದು ಮಕ್ಕಳಿಗೆ ಹೇಳಬೇಕು. ಜನವರಿಯಲ್ಲಿ ಊರ ಕಡೆಗೆ ಹೋಗುವವರು ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯನ್ನು ನೋಡಬಹುದು. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಈ ಸಂತೆಯಲ್ಲಿ ಕಲಾವಿದರು ಬೀದಿಯಲ್ಲೇ ಚಿತ್ರಗಳನ್ನಿಟ್ಟು ಕುಳಿತಿರುತ್ತಾರೆ. ಬಡವನ ಕೈಗೆ ನಿಲುಕುವ ಚಿತ್ರಗಳೂ ಸಿಗುತ್ತವೆ. ಈಗ ಮೊಬೈಲಿನಲ್ಲಿ ತಮ್ಮ ಕೆಲಸವನ್ನು ತೋರಿಸುವ ಕಲಾವಿದರೂ ಉಂಟು. ಅವರೊಡನೆ ಒಮ್ಮೆ ಮಾತನಾಡಿ, ಚಿತ್ರದ ಬೆನ್ನಿನ ಫೋಟೋ ಕೇಳಿ, ಮೊದಲ ಸಲ ಸಣ್ಣದನ್ನೇ ತರಿಸುವುದು ಲೇಸು.

ಬೆಲೆಯ ಬಗ್ಗೆ ಒಂದು ಮಾತು. ಮೂರು ದಿನ ಕುಳಿತು ಬರೆದ ಚಿತ್ರಕ್ಕೆ ಒಂಬೈನೂರು ಕೇಳಿದರೆ, ಚೌಕಾಸಿ ಮಾಡಿ ಮುನ್ನೂರಕ್ಕೆ ಇಳಿಸಿ ಗೆದ್ದೆವೆಂದು ಹಿಗ್ಗುತ್ತೇವೆ. ಲೆಕ್ಕ ಹಾಕಿದರೆ ಬಣ್ಣ, ಬಟ್ಟೆಯ ಖರ್ಚನ್ನು ಬಿಟ್ಟರೂ ದಿನಕ್ಕೆ ನೂರೇ ಆಯಿತು. ಅಷ್ಟು ಕೂಲಿಗೆ ನಮ್ಮಲ್ಲಿ ಯಾರೂ ಕಾರಖಾನೆಯ ಬಾಗಿಲನ್ನು ತುಳಿಯುವುದಿಲ್ಲ. ಸಂಬಳ ಸಾಲದೆಂದು ದಿನವೂ ಲೋಕಲ್ ಗಾಡಿಯಲ್ಲಿ ಗೊಣಗುವ ನಾವು ಇನ್ನೊಬ್ಬರ ದುಡಿಮೆಯ ಮುಂದೆ ಅದನ್ನು ಮರೆಯಬಾರದು. ದೊಡ್ಡದನ್ನು ಕೊಳ್ಳಲು ಶಕ್ತಿಯಿಲ್ಲದಿದ್ದರೆ ಅಂಗೈಯಗಲದ್ದನ್ನು ಕೊಂಡರಾಯಿತು. ಅದಕ್ಕೆ ಪೂರ್ತಿ ಬೆಲೆ ಕೊಡೋಣ.

ಚಾಳಿನ ಒಂದೇ ಕೋಣೆಯಲ್ಲಿ ಇರುವವರಿಗೂ ಒಂದು ಚಿತ್ರಕ್ಕೆ ಸ್ಥಳ ಇದ್ದೇ ಇರುತ್ತದೆ. ಟಿಟ್ವಾಳಾದ ಮಳೆಗೆ ಗೋಡೆಗಳು ತೇವ ಹಿಡಿಯುತ್ತವೆ. ಆದುದರಿಂದ ಕಾಗದದ ಚಿತ್ರಕ್ಕೆ ಗಾಜು ಹಾಕಿಸಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿ ಗೋಡೆಗೆ ತಾಗದಂತೆ ತೂಗಹಾಕಬೇಕು. ನೇರ ಬಿಸಿಲು ಬೀಳಬಾರದು. ಮೊಳೆ ಹೊಡೆಯುವ ಮುಂಚೆ ಮನೆಯ ಯಜಮಾನರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ನಮ್ಮ ಸದಸ್ಯರಿಬ್ಬರು ದೀಪಾವಳಿಯ ರಜೆಯಲ್ಲಿ ಡಹಾಣೂ ಕಡೆಗೆ ಹೋಗಿ, ಬರೆದವರ ಮನೆಯಿಂದಲೇ ಒಂದು ಸಣ್ಣ ಚಿತ್ರ ತಂದರು. ಬೆಲೆ ರೂ. 900, ಚೌಕಾಸಿ ಮಾಡಲಿಲ್ಲ. ಬೆನ್ನಿನ ಮೇಲೆ ತಮ್ಮ ಹೆಸರನ್ನೂ ಊರನ್ನೂ ಬರೆದುಕೊಡಿರೆಂದು ಕೇಳಿದ್ದಕ್ಕೆ, ಬರೆದ ಹೆಣ್ಣುಮಗಳು ಮೊದಲು ನಾಚಿಕೊಂಡು, ಆಮೇಲೆ ದುಂಡಗೆ ಬರೆದುಕೊಟ್ಟರಂತೆ. ಈಗ ಅದು ವೃತ್ತಪತ್ರಿಕೆಗಳ ಮೇಜಿನ ಮೇಲಿನ ಗೋಡೆಯಲ್ಲಿದೆ. ವಾಚಕರು ಬಂದಾಗ ನೋಡಬೇಕು. ಬೇಕಾದರೆ ಗ್ರಂಥಪಾಲರನ್ನು ಕೇಳಿ ಇಳಿಸಿ, ಬೆನ್ನಿನ ಹೆಸರನ್ನೂ ಓದಬಹುದು. ಮೊದಲು ತಂದ ಅಚ್ಚಿನ ಬಟ್ಟೆಯನ್ನು ನಾವು ಎಸೆದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಲೆಂದು ಅದನ್ನು ಕಪಾಟಿನಲ್ಲಿ ಇಟ್ಟಿದ್ದೇವೆ.