ಹೊತ್ತವರ ಮಾತು ಮಾಡುವವನ ಕಿವಿಗೆ ಬೀಳಲಿ

ಎರಡು ವರ್ಷದ ಹಿಂದೆ ಹಿಂಗಾರಿ ಮಳೆ ಜೋರು ಹಿಡಿದಿತ್ತು. ಪಕ್ಕದ ಹೊಲದ ಹಿರಿಯರು ಬಾವಿ ಮೆಟ್ಟಿಲಲ್ಲಿ ಜಾರಿ ತೊಡೆ ಮುರಿದುಕೊಂಡರು. 108 ಗಾಡಿ ಬಂತು, ಆದರೆ ರಸ್ತೆ ತನಕ. ಅದರ ಗಾಲಿ ಸ್ಟ್ರೆಚರ್ ಎರೆಮಣ್ಣಿನಲ್ಲಿ ಹತ್ತು ಹೆಜ್ಜೆ ಉರುಳಲಿಲ್ಲ. ಹೊರಸಿನ ಮೇಲೆ ಮಲಗಿಸಿ ನಾಲ್ವರು ಹೊತ್ತೆವು. ಬದುವಿನ ಅಗಲ ಒಂದಡಿ, ಹೊರಸಿನದು ಮೂರಡಿ! ಹಳ್ಳ ಇಳಿಯುವಾಗ ಅವರು ಕಾಲಿನ ಕಡೆ ಜಾರಿದರು. ಆ ಕೂಗು ಈಗಲೂ ಕಿವಿಯಲ್ಲಿದೆ. ಕಾಲೇನೋ ಕೂಡಿತು, ಗಿಡ್ಡಾಗಿ ಕೂಡಿತು.

ಬೇರೆ ಕಡೆ ಇದಕ್ಕೇನು ಮಾಡ್ತಾರೆ ಅಂತ ಮಗಳಿಗೆ ಕೇಳಿದೆ. ಹುಡುಕಿ ಓದಿ ಹೇಳಿದಳು. 1928ರಲ್ಲಿ ಇಂಗ್ಲೆಂಡಿನ ಲ್ಯಾಡೋ ಎಂಬಲ್ಲಿ ಬಂಡೆ ಹತ್ತುವವನೊಬ್ಬನಿಗೆ ಇಂಥದೇ ಗತಿ ಬಂದಿತ್ತು. ದಾರಿ ತೋರಿಸುವ ಹಲಗೆಯನ್ನೇ ಸ್ಟ್ರೆಚರ್ ಮಾಡಿ ತಾಸುಗಟ್ಟಲೆ ಹೊತ್ತರು. ಕೊನೆಗೆ ಕಾಲು ತೆಗೆಯಬೇಕಾಯಿತು. ನೋವಿನ ಮದ್ದಿಲ್ಲದೆ ಹಾಗೆ ಹೊತ್ತು ತಂದದ್ದೇ ಕೆಡಿಸಿತು ಎಂದರು ಸರ್ಜನ್ ವಿಲ್ಸನ್ ಹೇ. ಬೆಟ್ಟ ಹತ್ತುವವರ ಎರಡು ಸಂಘ ಕೂಡಿ ಸಮಿತಿ ಮಾಡಿದವು. ಯೂಸ್ಟೇಸ್ ಥಾಮಸ್ ಎಂಬ ಇಂಜಿನಿಯರು, ತಾವೂ ಬೆಟ್ಟ ತುಳಿದವರು, ಅಡಿಗೆ ಜಾರುವ ಪಟ್ಟಿ ಇರುವ ಸ್ಟ್ರೆಚರ್ ಮಾಡಿಕೊಟ್ಟರು. ಹೊರಲಾಗದ ಕಡೆ ಎಳೆಯಬಹುದು. ಮುಂದೆ ಸ್ಕಾಟ್ಲೆಂಡಿನ ಗ್ಲೆನ್‌ಕೋದಲ್ಲಿ 1961ರಲ್ಲಿ ರಕ್ಷಣಾ ತಂಡ ಕಟ್ಟಿದ ಹ್ಯಾಮಿಶ್ ಮ್ಯಾಕಿನ್ನೆಸ್ ಹಗುರ ಲೋಹದ ಮಡಿಸುವ ಸ್ಟ್ರೆಚರ್ ಮಾಡಿದರು. ಹೊರುವವರೂ ಅವರೇ, ಮಾಡುವವರೂ ಅವರೇ. ಮತ್ತೆ ದೂರು ಯಾರಿಗೆ ಹೇಳೋದು?

ನಮ್ಮ ಕೂರಿಗೆ ತಾಳು ಒಂದು ಕಡೆ ಆಳಕ್ಕೆ ಇಳಿದರೆ ಅಂದೇ ಬಡಿಗರ ಮನೆಗೆ ಒಯ್ಯುತ್ತೇವೆ. ಸ್ಟ್ರೆಚರಿಗೂ ಹಾಗೇ ಮಾಡೋಣ ಅಂತ ವೆಲ್ಡಿಂಗ್ ಅಂಗಡಿಯ ಹುಡುಗನಿಗೆ ಒಂದು ಮಾಡಲು ಹೇಳಿದೆವು. ಅವನು ಮಾಡಿದ್ದು ಗಟ್ಟಿಮುಟ್ಟು, ಆದರೆ ಕಬ್ಬಿಣದ ಗೇಟಿನಷ್ಟು ಭಾರ. ಬಾಯಿಂದ ಹೇಳಿದರೆ ಒಪ್ಪಲಿಲ್ಲ. ನನ್ನ ತಮ್ಮನನ್ನು ಅದರ ಮೇಲೆ ಮಲಗಿಸಿ, ಮುಂದಿನ ಹಿಡಿಕೆ ಅವನ ಕೈಗೇ ಕೊಟ್ಟು ಬದುವಿನ ಮೇಲೆ ನಡೆಸಿದೆವು. ಅರ್ಧ ದಾರಿಗೆ ಅಂಗೈ ನೋಡಿಕೊಂಡ. ಮರುದಿನವೇ ತೆಳು ಪೈಪು ಹಾಕಿದ, ಅಗಲ ಒಂದೂವರೆ ಅಡಿಗೆ ಇಳಿಸಿದ, ಹೆಗಲಿಗೆ ಪಟ್ಟಿ ಕೊಟ್ಟ. ಮಲಗಿದ ತಮ್ಮನದೂ ಒಂದು ದೂರಿತ್ತು: ಇಳಿಜಾರಿನಲ್ಲಿ ಎದೆ ಪಟ್ಟಿಯೊಂದೇ ತಡೆಯೋದಿಲ್ಲ, ಬಗಲಲ್ಲಿ ಕೊರೆಯುತ್ತದೆ. ತೊಡೆಗೊಂದು ಪಟ್ಟಿ, ಪಾದ ಊರಲು ಹಲಗೆ ಬಂತು. ಮುರಿದ ಕಾಲನ್ನು ಹಲಗೆಗೆ ಒತ್ತಬಾರದು, ಒಳ್ಳೆಯ ಕಾಲಷ್ಟೇ ಊರಬೇಕು.

ಒಂದು ಎಚ್ಚರ. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ 108ರ ಸಿಬ್ಬಂದಿ ಬಂದು ಹೇಳುವ ತನಕ ಎತ್ತಬೇಡಿ.

ಮೂರನೇ ಸಲ ಮಾಡಿದ್ದು ಈಗ ಗುಡಿಯ ಪಡಸಾಲೆಯಲ್ಲಿದೆ. ಹಾಸಿದ ಗೋಣಿತಟ್ಟು ಮಳೆಗೆ ನೆಂದರೆ ಭಾರವಾಗುತ್ತದೆ. ಪ್ಲಾಸ್ಟಿಕ್ ಹಾಕಿದೆವು, ಮೈ ಜಾರುತ್ತದೆ. ಬೇರೆ ಏನಾದರೂ ಹಾಕಿ ಹೊತ್ತು ನೋಡಿದವರಿದ್ದರೆ ಪತ್ರಿಕೆಗೆ ಬರೆಯಿರಿ, ಆ ಹುಡುಗನಿಗೆ ಓದಿ ಹೇಳುತ್ತೇನೆ.